ರೋಲ್ಸ್ ರಾಯ್ಸ್ ಮೋಟಾರೂ ಕನ್ನಡ ನಾಡೂ

ಕಾಣಕೋಣದ ನೆಲವು ಒಂದು ಕಾಲಕ್ಕೆ ಸೋದೆಯ ಅರಸರ ಆಳ್ವಿಕೆಗೆ ಸೇರಿದ್ದಿತು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಪೋರ್ತುಗೀಸರ ವಶವಾಯಿತು. 1961ರ ಡಿಸೆಂಬರಿನಲ್ಲಿ ಭಾರತದಲ್ಲಿ ಒಂದಾಯಿತು. ಆಳುವವರು ಹೀಗೆ ಬದಲಾದರೂ ಕಾರವಾರದಿಂದ ಪೋಳೆಂ ಮಾರ್ಗವಾಗಿ ಕಾಣಕೋಣಕ್ಕೂ, ಅಲ್ಲಿಂದ ಕರಮಲ ಘಟ್ಟವನ್ನು ದಾಟಿ ಮಡಗಾಂವಿಗೂ ಹೋಗುವ ದಾರಿಯ ಮಹತ್ತ್ವವು ಬದಲಾಗಲಿಲ್ಲ. 1928ರಲ್ಲಿ ಪೋರ್ತುಗಲ್ ದೇಶವು ರಸ್ತೆಯ ಎಡಬದಿಯನ್ನು ಬಿಟ್ಟು ಬಲಬದಿಯ ಸಂಚಾರವನ್ನು ವಿಧಿಸಿದಾಗ ಗೋವೆಯು ಮಾತ್ರ ಎಡಬದಿಯಲ್ಲಿಯೇ ಉಳಿಯಿತು. ಸುತ್ತಲೂ ಬ್ರಿಟಿಷರ ಹಿಂದೂಸ್ಥಾನವಿರುವಾಗ ಗಡಿಯ ಬಳಿ ಗಾಡಿಗಳು ಮುಖಾಮುಖಿಯಾಗಿ ಡಿಕ್ಕಿ ಹೊಡೆಯುವುದನ್ನು ತಪ್ಪಿಸಲು ಬೇರೆ ಉಪಾಯವಿರಲಿಲ್ಲ. ಲಿಸ್ಬನ್ನಿನ ಆಜ್ಞೆಗಿಂತ ನೆರೆಯ ದಾರಿಯ ರೂಢಿಯು ಬಲವಾದುದೆಂಬುದಕ್ಕೆ ಇದೊಂದು ಸೊಗಸಾದ ನಿದರ್ಶನ.

ಈ ದಾರಿಯ ಇಕ್ಕೆಲಗಳ ಗ್ಯಾರೇಜುಗಳಲ್ಲಿ ಪಾನಾ ಹಿಡಿದು ದುಡಿಯುವವರಲ್ಲಿ ಘಟ್ಟದ ಮೇಲಿನಿಂದ ಬಂದ ಕನ್ನಡದ ಹುಡುಗರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ಮೋಟಾರು ಎಂಬುದು ವೈಭವದ ಮಾತಲ್ಲ, ಅನ್ನದ ಮಾತು. ಆದಕಾರಣ ಯಂತ್ರಶಿಲ್ಪದಲ್ಲಿ ಜಗದ್ವಿಖ್ಯಾತವಾದ ಒಂದು ಇಂಗ್ಲಿಷ್ ಗಾಡಿಯು ಹೇಗೆ ಹುಟ್ಟಿತು, ಅದರ ಗುಣವು ಯಾವುದರಲ್ಲಿ ಅಡಗಿತ್ತು, ಅದಕ್ಕೂ ನಮ್ಮ ನಾಡಿಗೂ ಏನು ನಂಟು ಎಂಬುದನ್ನು ಈ ಸ್ಮರಣ ಸಂಚಿಕೆಯಲ್ಲಿ ನಿರೂಪಿಸುವುದು ಅಪ್ರಸ್ತುತವಾಗದೆಂದು ನಂಬಿದ್ದೇವೆ. ರೋಲ್ಸ್ ರಾಯ್ಸ್ ಎಂದೊಡನೆಯೇ ಮಹಾರಾಜರು, ಚಿನ್ನದ ಲೇಪ, ಬೇಟೆಯ ಹುಲಿ ಇವೇ ನಮ್ಮವರ ಕಣ್ಣ ಮುಂದೆ ನಿಲ್ಲುತ್ತವೆ. ಆ ಗಾಡಿಯ ನಿಜವಾದ ಐಶ್ವರ್ಯವು ಚಿನ್ನದಲ್ಲಿರಲಿಲ್ಲ, ಅರದ ಕೆಲಸದಲ್ಲಿತ್ತು.

ಅದನ್ನು ನಿರ್ಮಿಸಿದ ಫ್ರೆಡರಿಕ್ ಹೆನ್ರಿ ರಾಯ್ಸ್ ಶ್ರೀಮಂತನಲ್ಲ, ವಿಶ್ವವಿದ್ಯಾಲಯದ ಪದವೀಧರನೂ ಅಲ್ಲ. ಇಂಗ್ಲೆಂಡಿನ ಪೀಟರ್‌ಬರೋ ಪಟ್ಟಣದ ಬಳಿಯ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ 1863ರಲ್ಲಿ ಹಿಟ್ಟಿನ ಗಿರಣಿಯವನೊಬ್ಬನ ಮಗನಾಗಿ ಹುಟ್ಟಿದನು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ವೃತ್ತಪತ್ರಿಕೆಗಳನ್ನು ಮಾರಿ, ತಂತಿಯ ಓಲೆಗಳನ್ನು ಮನೆಮನೆಗೆ ಮುಟ್ಟಿಸಿ ಹೊಟ್ಟೆ ಹೊರೆದನು. ಸೋದರತ್ತೆಯೊಬ್ಬಳ ನೆರವಿನಿಂದ ರೈಲ್ವೆ ಕಾರ್ಖಾನೆಯಲ್ಲಿ ಉಮೇದುವಾರನಾಗಿ ಸೇರಿದನಾದರೂ ಆಕೆಯ ಹಣ ತೀರಿದುದರಿಂದ ಕಲಿಕೆಯು ನಡುವೆಯೇ ನಿಂತಿತು. 1884ರಲ್ಲಿ ಮ್ಯಾಂಚೆಸ್ಟರಿನಲ್ಲಿ ಒಂದು ಚಿಕ್ಕ ಕಾರ್ಖಾನೆಯನ್ನು ತೆರೆದು, ವಿದ್ಯುತ್ ಗಂಟೆಗಳನ್ನೂ ಡೈನಮೋಗಳನ್ನೂ ಭಾರವೆತ್ತುವ ಕ್ರೇನುಗಳನ್ನೂ ಮಾಡತೊಡಗಿದನು. ಆತನ ಕ್ರೇನುಗಳು ಕೆಡುತ್ತಿರಲಿಲ್ಲವೆಂಬ ಕೀರ್ತಿಯಿತ್ತು. ಇದೇ ವಿದ್ಯುಚ್ಛಕ್ತಿಯ ಯುಗವು ನಮ್ಮಲ್ಲಿಯೂ ಕಣ್ತೆರೆದ ಕಾಲವದು ಎಂಬುದನ್ನು ವಾಚಕರು ನೆನೆಯಬೇಕು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದುದು 1902ರಲ್ಲಿ; ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದುದು 1905ರಲ್ಲಿ.

1903ರ ಸುಮಾರಿಗೆ ರಾಯ್ಸನು ಡೆಕೊವಿಲ್ ಎಂಬ ಫ್ರೆಂಚ್ ಮೋಟಾರು ಗಾಡಿಯೊಂದನ್ನು ಬಳಸಿದ ಸ್ಥಿತಿಯಲ್ಲಿ ಕೊಂಡನು. ಅದು ಆ ಕಾಲಕ್ಕೆ ಒಳ್ಳೆಯ ಗಾಡಿಯೇ. ಆದರೆ ಅದರ ಸದ್ದು, ನಡುಕ, ಆಗಾಗ ಮುನಿದು ನಿಲ್ಲುವ ಸ್ವಭಾವ ಆತನಿಗೆ ಸಹಿಸಲಿಲ್ಲ. ಬೇರೆಯವರಾಗಿದ್ದರೆ ಮಾರಿಬಿಡುತ್ತಿದ್ದರು. ಈತನು ಅದನ್ನು ಬಿಚ್ಚಿ, ಒಂದೊಂದು ಭಾಗದಲ್ಲಿಯೂ ಏನು ಕೊರತೆಯಿದೆಯೆಂದು ನೋಡಿ, ಅದಕ್ಕಿಂತ ಉತ್ತಮವಾದ ಎರಡು ಸಿಲಿಂಡರಿನ ಗಾಡಿಯನ್ನು ತಾನೇ ಕಟ್ಟಿದನು. ಅದು 1904ರ ಏಪ್ರಿಲ್ 1ರಂದು ಕಾರ್ಖಾನೆಯ ಬಾಗಿಲು ದಾಟಿತು. ಇಲ್ಲಿ ಹೊಸ ತತ್ತ್ವವೊಂದನ್ನು ಕಂಡುಹಿಡಿದ ಕೀರ್ತಿ ರಾಯ್ಸನಿಗೆ ಸಲ್ಲದು. ಎಂಜಿನು, ಗೇರು, ಕಾರ್ಬುರೇಟರು ಎಲ್ಲವೂ ಬೇರೆಯವರ ಶೋಧನೆಗಳೇ. ಇದ್ದುದನ್ನೇ ತಿದ್ದಿ ಪರಿಷ್ಕರಿಸುವುದು ಆತನ ಪ್ರತಿಭೆಯ ಮಾರ್ಗ. ಹಳೆಯ ಕಾವ್ಯವೊಂದರ ಅಶುದ್ಧ ಪ್ರತಿಗಳನ್ನು ಮುಂದಿಟ್ಟುಕೊಂಡು ಶುದ್ಧಪಾಠವನ್ನು ಸಿದ್ಧಪಡಿಸುವ ಪಂಡಿತನ ಕೆಲಸಕ್ಕೆ ನಾವು ಇದನ್ನು ಹೋಲಿಸುತ್ತೇವೆ.

ಚಾರ್ಲ್ಸ್ ಸ್ಟೂಅರ್ಟ್ ರೋಲ್ಸನು ಪ್ರಭುಮನೆತನದವನು, ಕೇಂಬ್ರಿಜ್ಜಿನಲ್ಲಿ ಓದಿದವನು, ಲಂಡನ್ನಿನಲ್ಲಿ ಮೋಟಾರು ಮಾರುತ್ತಿದ್ದವನು. 1904ರ ಮೇ 4ರಂದು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಇವರಿಬ್ಬರ ಭೇಟಿಯಾಯಿತು. 1906ರ ಮಾರ್ಚಿನಲ್ಲಿ ರೋಲ್ಸ್ ರಾಯ್ಸ್ ಕಂಪನಿಯು ಸ್ಥಾಪಿತವಾಯಿತು. ರೋಲ್ಸನು ವಿಮಾನದ ಹುಚ್ಚಿಗೆ ಬಿದ್ದು 1910ರ ಜುಲೈ 12ರಂದು ಬೋರ್ನ್‌ಮತ್ತಿನಲ್ಲಿ ವಿಮಾನ ಬಿದ್ದು ಮಡಿದನು. ಇವರಿಬ್ಬರ ನಡುವೆ ನಿಂತು ಕಂಪನಿಯನ್ನು ನಡೆಸಿದವನು ಕ್ಲಾಡ್ ಜಾನ್ಸನ್. ಆತನನ್ನು ಎರಡು ಹೆಸರುಗಳ ನಡುವಣ ಅಡ್ಡಗೆರೆಯೆಂದು ಕರೆಯುವ ವಾಡಿಕೆಯುಂಟು.

ಈಗ ಆ ಪ್ರಸಿದ್ಧ ಗಾಡಿಯ ರಚನೆಗೆ ಬರೋಣ. 1906ರ ಕೊನೆಯಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ಕಾಣಿಸಿಕೊಂಡ ಇದರ ಅಧಿಕೃತ ಹೆಸರು 40/50 ಅಶ್ವಶಕ್ತಿ. ಇದೇ ಮಾದರಿಯ ಒಂದು ಗಾಡಿಗೆ ಜಾನ್ಸನನು ಬೆಳ್ಳಿಯ ಬಣ್ಣ ಬಳಿಸಿ, ಅದರ ಲೋಹದ ಅಂಗಗಳಿಗೆ ಬೆಳ್ಳಿಯ ಮುಲಾಮು ಹಾಕಿಸಿ ‘ಸಿಲ್ವರ್ ಗೋಸ್ಟ್’ ಎಂದು ಹೆಸರಿಟ್ಟನು. ಸದ್ದಿಲ್ಲದೆ ಸುಳಿಯುವ ಬೆಳ್ಳಿಯ ದೆವ್ವವೆಂಬುದು ಅದರ ಇಂಗಿತ. ಕ್ರಮೇಣ ಆ ಮಾದರಿಗೆಲ್ಲ ಅದೇ ಹೆಸರು ನಿಂತಿತು.

ಇದರ ಎಂಜಿನಿಗೆ ಆರು ಸಿಲಿಂಡರುಗಳು. ಪ್ರತಿಯೊಂದರ ವ್ಯಾಸವೂ ನಾಲ್ಕೂವರೆ ಅಂಗುಲ, ಪಿಸ್ಟನ್ನಿನ ಓಟವೂ ನಾಲ್ಕೂವರೆ ಅಂಗುಲ. ಒಟ್ಟು ಗಾತ್ರ 7,036 ಘನ ಸೆಂಟಿಮೀಟರು. ಮುಂದೆ ಓಟವನ್ನು ಕಾಲಂಗುಲ ಹೆಚ್ಚಿಸಿ 7,428 ಘನ ಸೆಂಟಿಮೀಟರಿಗೆ ಏರಿಸಿದರು. ಇಷ್ಟು ದೊಡ್ಡ ಎಂಜಿನು ಮೊದಲಿಗೆ ಕೊಡುತ್ತಿದ್ದುದು ಸುಮಾರು 48 ಅಶ್ವಶಕ್ತಿ ಮಾತ್ರ. ಇಂದು ಕಾಣಕೋಣದ ಪೇಟೆಯಲ್ಲಿ ಓಡಾಡುವ ಒಂದು ಲೀಟರಿನ ಸಣ್ಣ ಕಾರು ಕೂಡ ಅದಕ್ಕಿಂತ ಹೆಚ್ಚಿನ ಬಲವುಳ್ಳದ್ದು. ಆದರೆ ಆ ಸಣ್ಣ ಕಾರು ನಿಮಿಷಕ್ಕೆ ಐದಾರು ಸಾವಿರ ಸುತ್ತು ತಿರುಗಿ ಗಳಿಸುವ ಬಲವನ್ನು ರಾಯ್ಸನ ಎಂಜಿನು ಸುಮಾರು ಹನ್ನೆರಡು ನೂರು ಸುತ್ತಿನಲ್ಲಿಯೇ ಗಳಿಸುತ್ತಿತ್ತು. ಹೋರಿಯ ಓಟವಲ್ಲ, ಆನೆಯ ನಡಿಗೆ.

ಆರು ಸಿಲಿಂಡರು ಏಕೆ ಬೇಕಾಯಿತೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಒಂದು ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಸ್ಫೋಟವಾಗುತ್ತದೆ. ಆರು ಸಿಲಿಂಡರುಗಳಿದ್ದರೆ ಸುತ್ತೊಂದಕ್ಕೆ ಮೂರು ಸ್ಫೋಟಗಳು, ಸಮಾನ ಅಂತರದಲ್ಲಿ. ಒಂದು ತಳ್ಳು ಮುಗಿಯುವಷ್ಟರಲ್ಲಿ ಇನ್ನೊಂದು ತಳ್ಳು ಬಂದು ಸೇರುವುದರಿಂದ ಓಟವು ನೀರು ಹರಿದಂತೆ ಸಾಗಬೇಕು. ಆದರೆ ಅಂದಿನ ಶಿಲ್ಪಿಗಳಿಗೆ ಇದು ಕನಸಾಗಿಯೇ ಉಳಿದಿತ್ತು. ಆರು ಪಿಸ್ಟನ್ನುಗಳನ್ನು ಹೊತ್ತ ಕ್ರ್ಯಾಂಕ್ ದಂಡವು ಉದ್ದವಾಗುತ್ತದೆ. ಉದ್ದವಾದ ದಂಡವು ಒದ್ದೆ ಬಟ್ಟೆಯನ್ನು ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಉಯ್ಯಾಲೆಯನ್ನು ಅದು ಹಿಂದಕ್ಕೆ ಬಂದ ಹೊತ್ತಿಗೆ ಸರಿಯಾಗಿ ಮೆಲ್ಲನೆ ತಳ್ಳುತ್ತ ಹೋದರೆ ಕೊನೆಗೆ ಅದು ಮುಗಿಲಿಗೇರುವುದಷ್ಟೆ? ಹಾಗೆಯೇ ಒಂದು ನಿರ್ದಿಷ್ಟ ವೇಗದಲ್ಲಿ ಸ್ಫೋಟದ ತಾಳವೂ ದಂಡದ ತಿರುಚಾಟದ ತಾಳವೂ ಒಂದಾದಾಗ ಗಾಡಿಯೆಲ್ಲ ಗಡಗಡನೆ ನಡುಗಿ, ಎಷ್ಟೋ ಸಲ ದಂಡವೇ ಮುರಿಯುತ್ತಿತ್ತು. ರಾಯ್ಸನ ಹಿಂದಿನ 30 ಅಶ್ವಶಕ್ತಿಯ ಗಾಡಿಯು ಇದೇ ರೋಗದಿಂದ ನರಳಿತು. ಅದರಲ್ಲಿ ಎರಡೆರಡು ಸಿಲಿಂಡರುಗಳ ಮೂರು ಜೋಡಿಗಳಿದ್ದುವು. ರಾಯ್ಸನು 40/50ರಲ್ಲಿ ಅದನ್ನು ಬಿಟ್ಟು ಮೂರುಮೂರರ ಎರಡು ಗುಂಪುಗಳಾಗಿ ಸಿಲಿಂಡರುಗಳನ್ನು ಎರಕಹೊಯ್ಯಿಸಿದನು. ಒಂದು ಗುಂಪು ಇನ್ನೊಂದರ ಕನ್ನಡಿಯ ಬಿಂಬದಂತೆ. ಕ್ರ್ಯಾಂಕ್ ದಂಡವನ್ನು ಅಂದಿನ ಪದ್ಧತಿಗಿಂತ ಬಹಳ ದಪ್ಪವಾಗಿ ಮಾಡಿಸಿ, ಏಳು ಬೇರಿಂಗುಗಳ ಮೇಲೆ ಕೂರಿಸಿ, ದಂಡದ ಒಡಲನ್ನು ಟೊಳ್ಳಾಗಿಸಿ ಅದರೊಳಗಿನಿಂದಲೇ ಒತ್ತಡದ ಎಣ್ಣೆಯು ಪ್ರತಿಯೊಂದು ಬೇರಿಂಗಿಗೂ ಹರಿಯುವಂತೆ ಏರ್ಪಡಿಸಿದನು. ಆರು ಸಿಲಿಂಡರಿನ ಎಂಜಿನಿಗೆ ಗೌರವ ಬಂದುದು ಇದಾದ ಮೇಲೆ.

ಬೇರೆ ಗಾಡಿಗಳಲ್ಲಿ ಕಿಡಿ ಹೊತ್ತಿಸಲು ಒಂದು ಏರ್ಪಾಡಿದ್ದರೆ ಇದರಲ್ಲಿ ಎರಡು: ಮ್ಯಾಗ್ನೆಟೋ ಒಂದು, ಬ್ಯಾಟರಿಯ ಸುರುಳಿ ಇನ್ನೊಂದು. ಸಿಲಿಂಡರೊಂದಕ್ಕೆ ಎರಡೆರಡು ಪ್ಲಗ್ಗುಗಳು. ಒಂದು ಕೆಟ್ಟರೆ ಮತ್ತೊಂದು ಕೈಬಿಡದು. ಹಳೆಯ ವಿದ್ಯುತ್ ಶಿಲ್ಪಿಯ ಕೈವಾಡ ಇಲ್ಲಿ ಎದ್ದು ಕಾಣುತ್ತದೆ. ಚಾಸಿಸಿನ ಭಾಗಗಳನ್ನು ಕೂಡಿಸುವಲ್ಲಿ ಬರಿಯ ರಿವೆಟ್ಟುಗಳನ್ನು ನಂಬದೆ, ರಂಧ್ರಗಳನ್ನು ಕೈಯಿಂದ ಅಳತೆಗೆ ತಂದು, ಓರೆಯಾಗಿ ತಿರುವಿದ ಬೋಲ್ಟುಗಳನ್ನು ಬಿಗಿದು ಕೂರಿಸುತ್ತಿದ್ದರು. ರಿವೆಟ್ಟು ವರುಷಗಳು ಕಳೆದಂತೆ ಸಡಿಲಗೊಂಡು ಕಿರುಗುಟ್ಟುತ್ತದೆ. ಸರಿಯಾಗಿ ಕುಳಿತ ಬೋಲ್ಟು ಕದಲದು. 1908ರಲ್ಲಿ ಡರ್ಬಿ ಪಟ್ಟಣದಲ್ಲಿ ಹೊಸ ಕಾರ್ಖಾನೆಯು ತೆರೆದ ಮೇಲೆ ಚಾಸಿಸುಗಳನ್ನು ಉಬ್ಬುತಗ್ಗಿನ ಉರುಳೆಗಳ ಮೇಲೆ ನಿಲ್ಲಿಸಿ ಕುಲುಕಿ ಕುಲುಕಿ ಪರೀಕ್ಷಿಸುವ ಯಂತ್ರವನ್ನೂ ಬಳಸಿದರು. ಗಾಡಿಯು ನಿಶ್ಶಬ್ದವಾಗಿದ್ದುದು ಸದ್ದನ್ನು ಯಾವುದೋ ಹೊದಿಕೆಯಿಂದ ಮುಚ್ಚಿದುದರಿಂದಲ್ಲ. ಸದ್ದು ಹುಟ್ಟುವ ಸಡಿಲು, ಓರೆ, ಅಸಮತೂಕ ಇವುಗಳನ್ನು ಒಂದೊಂದಾಗಿ ಹುಡುಕಿ ತೆಗೆದುದರಿಂದ.

ಮುಂಭಾಗದ ರೇಡಿಯೇಟರನ್ನು ನೋಡಿದವರಿಗೆ ಅದು ನೇರ ಗೆರೆಗಳ ಗ್ರೀಕ್ ದೇವಾಲಯದಂತೆ ತೋರುತ್ತದೆ. ವಾಸ್ತವವಾಗಿ ಅದರ ಮುಖಗಳು ಪೂರ್ಣ ಸಪಾಟಲ್ಲ, ನವಿರಾಗಿ ಉಬ್ಬಿವೆ. ಪೂರ್ಣ ಸಪಾಟಾದ ಮುಖವು ಕಣ್ಣಿಗೆ ತಗ್ಗಿದಂತೆ ಕಾಣುವುದರಿಂದ ಈ ಉಬ್ಬು. ಅಥೆನ್ಸಿನ ಪಾರ್ಥೆನಾನ್ ಕಂಬಗಳಲ್ಲಿಯೂ ಇದೇ ಜಾಣ್ಮೆಯಿದೆಯೆಂದು ಬಲ್ಲವರು ಹೇಳುತ್ತಾರೆ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಗುಡಿಯಲ್ಲಿ ಬಳಪದ ಕಲ್ಲಿನ ಕಂಬಗಳನ್ನು ತಿರುಗಣೆಗೆ ಹಿಡಿದು ಕಡೆದ ನಮ್ಮ ರೂವಾರಿಗಳಿಗೆ ಈ ಸೂಕ್ಷ್ಮವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರೇಡಿಯೇಟರಿನ ನೆತ್ತಿಯ ಮೇಲಿನ ರೆಕ್ಕೆಯ ಹೆಣ್ಣಿನ ಪ್ರತಿಮೆಯು ಚಾರ್ಲ್ಸ್ ಸೈಕ್ಸ್ ಎಂಬ ಕಲಾವಿದನ ಕೃತಿ, 1911ರಲ್ಲಿ ಸೇರಿಸಿದ್ದು. ಅದರ ವಿಷಯವಾಗಿ ಪ್ರಚಾರದಲ್ಲಿರುವ ಪ್ರಣಯಕಥೆಗಳನ್ನು ಇಲ್ಲಿ ಹೇಳಲು ನಮಗೆ ಮನಸ್ಸಿಲ್ಲ.

ಯಂತ್ರದ ಯೋಗ್ಯತೆಯು ಮಾತಿನಿಂದಲ್ಲ, ಓಟದಿಂದ ಸಿದ್ಧವಾಗಬೇಕು. 1907ರಲ್ಲಿ ಆ ಬೆಳ್ಳಿಯ ಗಾಡಿಯನ್ನು, ಅದರ ನೋಂದಣಿ ಸಂಖ್ಯೆ ಎಎಕ್ಸ್ 201, ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಪರೀಕ್ಷಕರ ಕಣ್ಣೆದುರಿನಲ್ಲಿ ಲಂಡನ್ ಮತ್ತು ಗ್ಲಾಸ್ಗೋ ನಡುವೆ ಹಗಲಿರುಳೂ ಓಡಿಸಿದರು. ಭಾನುವಾರ ಮಾತ್ರ ವಿಶ್ರಾಂತಿ. ಪಣತೊಟ್ಟುದು 15,000 ಮೈಲಿ. 629ನೆಯ ಮೈಲಿಯಲ್ಲಿ ಪೆಟ್ರೋಲಿನ ನಲ್ಲಿಯು ಕುಲುಕಾಟದಿಂದ ತಾನಾಗಿಯೇ ಮುಚ್ಚಿಕೊಂಡು ಗಾಡಿಯು ನಿಂತಿತು. ಒಂದು ನಿಮಿಷದಲ್ಲಿ ಸರಿಪಡಿಸಬಹುದಾದ ಈ ತೊಂದರೆಯನ್ನೂ ಪರೀಕ್ಷಕರು ಬರೆದುಕೊಂಡರು. ಅಲ್ಲಿಂದಾಚೆಗೆ 14,371 ಮೈಲಿಗಳು ಒಂದೇ ಸಮನೆ, ಅನಿಚ್ಛಿತವಾಗಿ ಒಮ್ಮೆಯೂ ನಿಲ್ಲದೆ ಓಡಿತು. ಕೊನೆಯಲ್ಲಿ ಗಾಡಿಯನ್ನು ಪೂರ್ತಿಯಾಗಿ ಬಿಚ್ಚಿ ಅಳೆದು ನೋಡಿ, ಸವೆದ ಭಾಗಗಳನ್ನು ಹೊಸತಾಗಿ ಹಾಕಿದರೆ ತಗಲುವ ಖರ್ಚು 2 ಪೌಂಡು 2 ಷಿಲ್ಲಿಂಗು 7 ಪೆನ್ಸ್ ಎಂದು ಲೆಕ್ಕ ಹಾಕಿದರು. ಅಂದಿನ ನಮ್ಮ ನಾಣ್ಯದಲ್ಲಿ ಸುಮಾರು ಮೂವತ್ತೆರಡು ರೂಪಾಯಿ. ಚಾಸಿಸಿನ ಬೆಲೆಯೇ 985 ಪೌಂಡು, ಎಂದರೆ ಹದಿನೈದು ಸಾವಿರ ರೂಪಾಯಿಗಳಿಗೆ ಹತ್ತಿರ. ಮೇಲಿನ ಒಡಲಿನ ವೆಚ್ಚ ಬೇರೆ. ಒಡಲನ್ನು ಕಂಪನಿಯು ಆಗ ಕಟ್ಟುತ್ತಿರಲಿಲ್ಲ. ಬಾರ್ಕರ್, ಹೂಪರ್ ಮೊದಲಾದ ರಥಶಿಲ್ಪಿಗಳು ಕೊಳ್ಳುವವರ ಇಷ್ಟದಂತೆ ಕಟ್ಟಿಕೊಡುತ್ತಿದ್ದರು.

ಮರುವರ್ಷವೇ ನಮ್ಮ ಸಹ್ಯಾದ್ರಿಯು ಈ ಗಾಡಿಯನ್ನು ಪರೀಕ್ಷಿಸಿತು. 1908ರಲ್ಲಿ ಮುಂಬಯಿ ಮತ್ತು ಕೊಲ್ಹಾಪುರಗಳ ನಡುವೆ ನಡೆದ ಮೋಟಾರು ಸ್ಪರ್ಧೆಯಲ್ಲಿ ‘ಪೂರ್ವದ ಮುತ್ತು’ ಎಂಬ ಅರ್ಥದ ಹೆಸರನ್ನು ಹೊತ್ತ ಒಂದು 40/50 ಗಾಡಿಯು ಪಾಲ್ಗೊಂಡಿತು. ಹೋಗಿಬರುವ ದೂರ 620 ಮೈಲಿ, ದಾರಿಯಲ್ಲಿ ಕಡಿದಾದ ಘಟ್ಟಗಳು, ಧೂಳು, ಬಿಸಿಲು. ಗಾಡಿಯು ಎಲ್ಲಿಯೂ ಕೆಡದೆ ಗೆದ್ದುಬಂದಿತು. ಗ್ವಾಲಿಯರಿನ ಮಹಾರಾಜರು ಅದನ್ನು ಕೊಂಡರು. ಬೆಳಗಾವಿಯಿಂದ ಎಪ್ಪತ್ತು ಮೈಲಿಯೊಳಗಿರುವ ಕೊಲ್ಹಾಪುರದವರೆಗೆ ಬಂದ ಈ ಕೀರ್ತಿಯು ಹಿಂದೂಸ್ಥಾನದ ಸಂಸ್ಥಾನಗಳಿಗೆಲ್ಲ ಹರಡಲು ತಡವಾಗಲಿಲ್ಲ.

ಘಟ್ಟದ ಮಾತು ಬಂದುದರಿಂದ ಇನ್ನೊಂದು ಘಟನೆಯನ್ನು ಹೇಳಲೇಬೇಕು. ಮೊದಲು ನಾಲ್ಕು ಗೇರುಗಳಿದ್ದ ಗಾಡಿಗೆ 1909ರಲ್ಲಿ ಕಂಪನಿಯು ಮೂರೇ ಗೇರು ಸಾಕೆಂದು ನಿರ್ಧರಿಸಿತು. 1912ರಲ್ಲಿ ಜೇಮ್ಸ್ ರ‍್ಯಾಡ್ಲಿ ಎಂಬಾತನು ತನ್ನ ಗಾಡಿಯನ್ನು ಆಲ್ಪ್ಸ್ ಪರ್ವತದ ಸ್ಪರ್ಧೆಗೆ ಒಯ್ದಾಗ ಆಸ್ಟ್ರಿಯಾದ ಕಾಟ್ಷ್‌ಬರ್ಗ್ ಘಟ್ಟದ ಏರಿನಲ್ಲಿ ಅದು ನಿಂತುಬಿಟ್ಟಿತು. ಜನರನ್ನು ಇಳಿಸಿ ಹತ್ತಿಸಬೇಕಾಯಿತು. ಕರಮಲ ಘಟ್ಟದಲ್ಲಿಯೋ ಅನಮೋಡದಲ್ಲಿಯೋ ತುಂಬಿದ ಲಾರಿ ನಡೆಸುವವನಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ಎಂಜಿನಿನ ಬಲವೆಷ್ಟೇ ಇರಲಿ, ಏರಿಗೆ ತಕ್ಕ ಚಿಕ್ಕ ಗೇರು ಇಲ್ಲದಿದ್ದರೆ ಬಲವು ಗಾಲಿಯನ್ನು ಮುಟ್ಟದು. ವಿಶ್ವದಲ್ಲಿಯೇ ಶ್ರೇಷ್ಠವೆಂದು ಸಾರಿಕೊಳ್ಳುತ್ತಿದ್ದ ಗಾಡಿಗೆ ಇದು ದೊಡ್ಡ ಮುಖಭಂಗ. ಕಂಪನಿಯು ವಾದಕ್ಕಿಳಿಯದೆ ನಾಲ್ಕು ಗೇರಿನ ಪೆಟ್ಟಿಗೆಯನ್ನು ಮತ್ತೆ ಸಿದ್ಧಪಡಿಸಿ, 1913ರಲ್ಲಿ ಅದೇ ಪರ್ವತಗಳಿಗೆ ತನ್ನದೇ ತಂಡವನ್ನು ಕಳುಹಿಸಿ, ಏರುಗಳನ್ನೆಲ್ಲ ನಿರಾಯಾಸವಾಗಿ ಹತ್ತಿಸಿತು. ಬ್ರೇಕಿನ ವಿಷಯದಲ್ಲಿ ಮಾತ್ರ ಅದು ಬಹಳ ಹಿಂದುಳಿಯಿತೆಂದೇ ನಮ್ಮ ಅಭಿಪ್ರಾಯ. ಮುಂದಿನ ಗಾಲಿಗಳಿಗೆ ಬ್ರೇಕು ಬಂದುದು 1924ರ ಹೊತ್ತಿಗೆ, ಅದೂ ಹಿಸ್ಪಾನೋ ಸೂಯಿಜಾ ಕಂಪನಿಯಿಂದ ಹಕ್ಕು ಪಡೆದ ಏರ್ಪಾಡಿನಿಂದ. 1907ರಿಂದ 1926ರ ಒಳಗಾಗಿ ಇಂಗ್ಲೆಂಡಿನಲ್ಲಿಯೂ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿಯೂ ಸೇರಿ 7,800ಕ್ಕೂ ಮೇಲ್ಪಟ್ಟು ಗಾಡಿಗಳು ತಯಾರಾದುವು.

ಇನ್ನು ನಮ್ಮ ಅರಸರ ಕಡೆಗೆ ತಿರುಗೋಣ. ಮೈಸೂರಿನ ಅರಮನೆಯು ರೋಲ್ಸ್ ರಾಯ್ಸ್ ಮತ್ತು ಬೆಂಟ್ಲಿ ಗಾಡಿಗಳನ್ನು ಒಂದೊಂದಾಗಿ ಕೊಳ್ಳದೆ ಏಳೇಳರಂತೆ ಕೊಳ್ಳುತ್ತಿತ್ತೆಂದೂ, ಅದರಿಂದ ಕಂಪನಿಯ ಮಾರಾಟಗಾರರಲ್ಲಿ ಒಟ್ಟಿಗೆ ಹಲವು ಗಾಡಿಗಳನ್ನು ಕೊಳ್ಳುವುದಕ್ಕೆ ‘ಮೈಸೂರು ಮಾಡುವುದು’ ಎಂಬ ನುಡಿಗಟ್ಟೇ ಹುಟ್ಟಿತೆಂದೂ ಆ ಗಾಡಿಗಳ ಚರಿತ್ರಕಾರರು ಬರೆದಿದ್ದಾರೆ. ಕನ್ನಡದ ಊರೊಂದರ ಹೆಸರು ಇಂಗ್ಲಿಷಿನ ನುಡಿಗಟ್ಟಿನಲ್ಲಿ ಸೇರಿದ ಪ್ರಸಂಗವಿದು! ವೈಯಾಕರಣರು ಸಂತೋಷಪಡಬಹುದಾದರೂ ಇತಿಹಾಸವನ್ನು ಬೋಧಿಸುವವರಿಗೆ ಇದರಲ್ಲಿ ಅಷ್ಟು ಸಂತೋಷವಿಲ್ಲ. ಕೊಳ್ಳುವುದರಲ್ಲಿ ಹೆಸರಾಗುವುದು ಬೇರೆ, ಮಾಡುವುದರಲ್ಲಿ ಹೆಸರಾಗುವುದು ಬೇರೆ.

ಕಲಬುರಗಿ, ಬೀದರ, ರಾಯಚೂರುಗಳನ್ನು 1948ರ ತನಕ ಆಳಿದ ಹೈದರಾಬಾದಿನ ನಿಜಾಮರ ಮನೆತನದಲ್ಲಿ ಆರನೆಯವರಾದ ಮೀರ್ ಮಹಬೂಬ್ ಅಲಿ ಖಾನರು ಒಂದು ಸಿಲ್ವರ್ ಗೋಸ್ಟ್ ಗಾಡಿಯನ್ನು ತರಿಸಲು ಅಪ್ಪಣೆ ಕೊಟ್ಟಿದ್ದರು. ಹಿಂಭಾಗದಲ್ಲಿ ಸಿಂಹಾಸನದಂತೆ ಎತ್ತರಿಸಿದ ಒಂದೇ ಪೀಠ, ಹಳದಿಯ ಬಣ್ಣ, ಗುಮ್ಮಟದ ಆಕಾರದ ಮೇಲ್ಛಾವಣಿ. ಕಟ್ಟಿದವರು ಬಾರ್ಕರ್ ಕಂಪನಿಯವರು. ಗಾಡಿಯು ಬರುವ ಮೊದಲೇ, 1911ರಲ್ಲಿ, ಅವರು ತೀರಿಕೊಂಡರು. ತರುವಾಯ ಆ ಗಾಡಿಯು ದಶಕಗಟ್ಟಲೆ ಕಾಲದಲ್ಲಿ ಓಡಿದುದು ಬರಿಯ 356 ಮೈಲಿ. ಲಂಡನ್ ಗ್ಲಾಸ್ಗೋ ದಾರಿಯ ಎಎಕ್ಸ್ 201ರ ಓಟವಾದರೋ ಐದು ಲಕ್ಷ ಮೈಲಿಯನ್ನು ದಾಟಿತೆನ್ನುತ್ತಾರೆ. ಒಂದೇ ಕಂಪನಿಯ ಒಂದೇ ಜಾತಿಯ ಎರಡು ಯಂತ್ರಗಳ ಹಣೆಬರಹದಲ್ಲಿ ಎಂತಹ ಭೇದ!

ಭಾರತದ ರಾಜರೊಬ್ಬರು ಅಂಗಡಿಯವನ ಅವಮಾನದಿಂದ ಸಿಟ್ಟಾಗಿ ರೋಲ್ಸ್ ರಾಯ್ಸ್ ಗಾಡಿಗಳನ್ನು ಕೊಂಡು ಕಸ ಹೊರಲು ಹಚ್ಚಿದರೆಂಬ ಕಥೆಯನ್ನು ಕೇಳದವರಿಲ್ಲ. ಈ ಕಥೆಯು ಒಮ್ಮೆ ಅಲ್ವರಿನ ಅರಸರ ಮೇಲೆ, ಒಮ್ಮೆ ಹೈದರಾಬಾದಿನ ಮೇಲೆ, ಒಮ್ಮೆ ಭರತಪುರದ ಮೇಲೆ ಬರುತ್ತದೆ. ಊರು ಬದಲಾಗುತ್ತದೆ, ಕಸಬರಿಗೆ ಬದಲಾಗುವುದಿಲ್ಲ. ನಮಗೆ ಇದರಲ್ಲಿ ನಂಬಿಕೆಯಿಲ್ಲ. ಪರಾಧೀನ ಜನತೆಯು ತನ್ನ ಮನಸ್ಸಿನ ಸಮಾಧಾನಕ್ಕಾಗಿ ಕಟ್ಟಿಕೊಂಡ ಕಥೆಯೆಂದು ತೋರುತ್ತದೆ. ಅಂತಹ ಗಾಡಿಯನ್ನು ನಾವೇ ಮಾಡಬಲ್ಲೆವೆಂದು ಹೊರಟವರೊಬ್ಬರ ಕಥೆಯು ಇದಕ್ಕಿಂತ ಸ್ವಾರಸ್ಯವಾದದ್ದು, ಮತ್ತು ನಡೆದದ್ದು.

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1912ರಿಂದ 1918ರ ವರೆಗೆ ಮೈಸೂರಿನ ದಿವಾನರಾಗಿದ್ದರು. ರಾಜೀನಾಮೆ ಕೊಡಲು ಸರಕಾರದ ಮೋಟಾರಿನಲ್ಲಿ ಹೋಗಿ, ಹಿಂದಿರುಗುವಾಗ ಸ್ವಂತ ಮೋಟಾರಿನಲ್ಲಿ ಬಂದರೆಂದು ಅವರ ವಿಷಯವಾಗಿ ಹೇಳುವುದುಂಟು. ಅವರಿಗೆ ಮೋಟಾರೆಂಬುದು ಸವಾರಿಗಿಂತ ಹೆಚ್ಚಾಗಿ ಉದ್ಯೋಗದ ಬೀಜ. 1935ರಲ್ಲಿ, ತಮ್ಮ ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯೂರೋಪು ಅಮೆರಿಕಗಳಿಗೆ ಹೋಗಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ಅಭ್ಯಾಸ ಮಾಡಿ ಬಂದು, ಭಾರತದಲ್ಲಿ ಕಾರು ಲಾರಿಗಳನ್ನು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲಚಂದ ಹೀರಾಚಂದರು ಇದರಲ್ಲಿ ಕೈಜೋಡಿಸಿದರು. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲದ ಬೆಂಬಲ ದೊರೆತಿದ್ದಿತು. 1939ರಲ್ಲಿ ಆ ಮಂತ್ರಿಮಂಡಲವು ರಾಜೀನಾಮೆ ಕೊಟ್ಟುದರಿಂದ ಅಲ್ಲಿ ಕೆಲಸ ನಿಂತಿತು. ಆಗ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ಸ್ಥಾಪಿಸಲು ಮುಂದಾದರು. ಅರಮನೆಯ ನಾಡು, ವಿದ್ಯುತ್ತಿನ ನಾಡು, ಭದ್ರಾವತಿಯ ಉಕ್ಕಿನ ನಾಡು. ಇದಕ್ಕಿಂತ ಯೋಗ್ಯವಾದ ಸ್ಥಳವೆಲ್ಲಿ? ದೆಹಲಿಯ ಬ್ರಿಟಿಷ್ ಸರಕಾರವು ಯುದ್ಧದ ನೆಪವನ್ನು ಮುಂದೊಡ್ಡಿ ಪ್ರೋತ್ಸಾಹ ಕೊಡಲಿಲ್ಲ. ಬ್ರಿಟಿಷ್ ಗಾಡಿಗಳನ್ನು ಏಳೇಳರಂತೆ ಕೊಳ್ಳುವುದಕ್ಕೆ ಸಂಸ್ಥಾನಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಒಂದೇ ಒಂದು ಗಾಡಿಯನ್ನು ಮಾಡುವುದಕ್ಕೆ ಎಲ್ಲ ಅಡ್ಡಿಗಳೂ ಇದ್ದುವು. ವಾಲಚಂದರ ಪ್ರೀಮಿಯರ್ ಕಂಪನಿಯು ಕೊನೆಗೆ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಬೆಂಗಳೂರಿನ ಕೈಗೆ ಬರಬೇಕಾಗಿದ್ದ ತುತ್ತು ಜಾರಿತು.

ತುತ್ತು ಜಾರಿದ ಕೈಗೆ ಬೇರೊಂದು ದೊರೆತುದು ದೈವಯೋಗ. 1940ರ ಡಿಸೆಂಬರಿನಲ್ಲಿ ಅದೇ ವಾಲಚಂದರು ಮೈಸೂರು ಸರಕಾರದೊಡನೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ರೋಲ್ಸ್ ರಾಯ್ಸ್ ಕಂಪನಿಯೂ ಅಷ್ಟರಲ್ಲಿ ವಿಮಾನದ ಎಂಜಿನುಗಳ ಕಡೆಗೆ ಬಹುದೂರ ಹೋಗಿತ್ತು. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಂಬ ಸಾಹಸಿಗಳು ಅಟ್ಲಾಂಟಿಕ್ ಸಾಗರವನ್ನು ನಿಲ್ಲದೆ ಹಾರಿದಾಗ ಅವರ ವಿಮಾನದಲ್ಲಿದ್ದುವು ಎರಡು ರೋಲ್ಸ್ ರಾಯ್ಸ್ ಈಗಲ್ ಎಂಜಿನುಗಳು. ರಾಯ್ಸನು 1933ರಲ್ಲಿ ತೀರಿಕೊಂಡ ಮೇಲೆ, ಎರಡನೆಯ ಮಹಾಯುದ್ಧದಲ್ಲಿ ಅವನ ಶಿಷ್ಯರ ಮರ್ಲಿನ್ ಎಂಜಿನು ಪ್ರಸಿದ್ಧವಾಯಿತು. ಬೆಂಗಳೂರಿನಲ್ಲಿ 1957ರಲ್ಲಿ ಆರಂಭವಾದ ಎಂಜಿನು ವಿಭಾಗವು ಆರ್ಫಿಯಸ್ ಎಂಬ ಜೆಟ್ ಎಂಜಿನನ್ನು ಪರವಾನಗಿಯ ಮೇಲೆ ತಯಾರಿಸತೊಡಗಿತು. ಅದು ಮೂಲತಃ ಬ್ರಿಸ್ಟಲ್ ಕಂಪನಿಯದು. 1966ರಲ್ಲಿ ಆ ಕಂಪನಿಯು ರೋಲ್ಸ್ ರಾಯ್ಸಿನಲ್ಲಿ ಲೀನವಾಯಿತು. 1961ರ ಜೂನ್ 17ರಂದು ಬೆಂಗಳೂರಿನ ಆಕಾಶಕ್ಕೆ ಏರಿದ ‘ಮಾರುತ’ ಯುದ್ಧವಿಮಾನದೊಳಗೆ ಆರ್ಫಿಯಸ್ ಎಂಜಿನುಗಳೇ ಎರಡಿದ್ದುವು. ಮುಂದೆ ಜಾಗ್ವಾರ್ ವಿಮಾನದ ಅಡೋರ್ ಎಂಜಿನುಗಳೂ ಇಲ್ಲಿಯೇ ಸಿದ್ಧವಾದುವು. ಸಾವಿರದ ಒಂದು ಪಾಲು ಅಂಗುಲವನ್ನು ಅಳೆದು ನೋಡುವ ರಾಯ್ಸನ ಶಿಸ್ತನ್ನು ಕಲಿಯಲು ಕೋಲಾರ, ತುಮಕೂರು, ಧಾರವಾಡಗಳ ಹುಡುಗರಿಗೆ ಅವಕಾಶವಾದುದು ಅರಮನೆಯ ಮೋಟಾರು ಖಾನೆಯಲ್ಲಿ ಅಲ್ಲ, ಈ ಕಾರ್ಖಾನೆಯಲ್ಲಿ.

ರಾಯ್ಸನ ಕಂಪನಿಯಾದರೋ ಒಂದು ಹೊಸ ಜೆಟ್ ಎಂಜಿನಿನ ವೆಚ್ಚವನ್ನು ತಾಳಲಾರದೆ 1971ರ ಫೆಬ್ರವರಿಯಲ್ಲಿ ದಿವಾಳಿಯೆದ್ದಿತು. ಬ್ರಿಟಿಷ್ ಸರಕಾರವು ವಿಮಾನ ಎಂಜಿನಿನ ಭಾಗವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಕಾರಿನ ಭಾಗವು ಬೇರೆಯಾಗಿ, ಕೈಯಿಂದ ಕೈಗೆ ದಾಟಿ, 2003ರಿಂದ ಜರ್ಮನಿಯ ಬಿಎಂಡಬ್ಲ್ಯೂ ಒಡೆತನದಲ್ಲಿ ಇಂಗ್ಲೆಂಡಿನ ಗುಡ್‌ವುಡ್ಡಿನಲ್ಲಿ ನಡೆದಿದೆ.

ನಮ್ಮ ಗ್ಯಾರೇಜಿನ ಹುಡುಗರ ಮಾತನ್ನು ಇಲ್ಲಿ ಮತ್ತೆ ಎತ್ತಬೇಕಾಗಿದೆ. ಬಂಡಿಯ ಕಾಲದಲ್ಲಿ ನಮ್ಮ ಬಡಗಿ ಕಮ್ಮಾರರಿಗೆ ಅಚ್ಚು, ಕಡಾಣಿ, ನೊಗ, ಕೀಲೆಣ್ಣೆ ಎಂದು ಅಂಗಾಂಗಕ್ಕೂ ಮನೆಯ ಮಾತಿತ್ತು. ಮೋಟಾರು ಬಂದಾಗ ಶಬ್ದಗಳೂ ಅದರೊಡನೆ ಹೊರಗಿನಿಂದಲೇ ಬಂದುವು. ಅದರಲ್ಲಿ ತಪ್ಪೇನೂ ಇಲ್ಲ; ಪಿಸ್ಟನ್ನಿಗೆ ಸಂಸ್ಕೃತದ ಉದ್ದನೆಯ ಹೆಸರಿಟ್ಟು ಯಾರನ್ನೂ ಹೆದರಿಸಬೇಕಾಗಿಲ್ಲ. ಆದರೆ ಒಬ್ಬ ಮಿಸ್ತ್ರಿಯು ಎಂಜಿನಿನ ಸದ್ದನ್ನು ಕೇಳಿ ಇದು ಕವಾಟದ ಸಡಿಲು, ಇದು ಬೇರಿಂಗಿನ ಸವೆತ ಎಂದು ತಿಳಿಯುವ ವಿದ್ಯೆಯು ಕನ್ನಡದ ಯಾವ ಪುಸ್ತಕದಲ್ಲಿ ಬರೆದಿದೆ? ಗುರುವಿನ ಕೈಯಿಂದ ಶಿಷ್ಯನ ಕೈಗೆ ಬಂದುದಷ್ಟೇ ಉಳಿದಿದೆ. ರಾಯ್ಸನು ತನ್ನ ಕೊನೆಯ ಇಪ್ಪತ್ತು ವರ್ಷಗಳಲ್ಲಿ ಕಾಯಿಲೆಯ ಕಾರಣದಿಂದ ಕಾರ್ಖಾನೆಯಿಂದ ದೂರವಿದ್ದನು. ಅಷ್ಟು ಕಾಲವೂ ನಕ್ಷೆಗಳನ್ನೂ ಸೂಚನೆಗಳನ್ನೂ ಬರೆದು ಕಳುಹಿಸುತ್ತಲೇ ಇದ್ದನು. ಅದರಿಂದಲೇ ಅವನ ಕೈಕೆಲಸವು ಅವನೊಡನೆ ಮುಗಿಯಲಿಲ್ಲ. ನಮ್ಮ ಸಂಘವು ಇಲ್ಲಿನ ಮಿಸ್ತ್ರಿಗಳನ್ನು ಕೂರಿಸಿ, ಅವರ ಮಾತಿನಲ್ಲಿಯೇ ಅವರ ವಿದ್ಯೆಯನ್ನು ಬರೆಸಿಡುವ ಕೆಲಸವನ್ನು ಕೈಗೊಳ್ಳಬಹುದೆಂದು ಸೂಚಿಸುತ್ತೇವೆ. ಅಂತಹ ಕೈಪಿಡಿಯ ಕನ್ನಡವನ್ನು ತಿದ್ದುವ ಭಾರವನ್ನು ಹೊರಲು ನಾವು ಸಿದ್ಧರಿದ್ದೇವೆ.

ಗೋವೆಗೂ ರಾಯ್ಸನ ಯಂತ್ರಗಳಿಗೂ ಇರುವ ನಂಟಿನ ಒಂದು ಮಾತು ಉಳಿದಿದೆ. 1961ರ ಡಿಸೆಂಬರ್ 18ರ ಬೆಳಗ್ಗೆ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹೊರಟ ಆರು ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಕೆಡವಿದುವು. ಪುಣೆಯಿಂದ ಬಂದ ಕ್ಯಾನ್‌ಬೆರಾಗಳು ದಾಬೋಳಿಯ ವಿಮಾನ ಓಣಿಯ ಮೇಲೆ ಬಾಂಬು ಹಾಕಿದುವು. ಎರಡೂ ಜಾತಿಯ ವಿಮಾನಗಳಲ್ಲಿದ್ದುದು ರೋಲ್ಸ್ ರಾಯ್ಸ್ ಏವನ್ ಎಂಜಿನುಗಳು. ಅನಂತರ ಅದೇ ದಾಬೋಳಿಯಲ್ಲಿ ನೌಕಾಪಡೆಯ ಸೀ ಹ್ಯಾರಿಯರ್ ವಿಮಾನಗಳು ನೆಲೆಸಿದುವು. ಅವುಗಳ ಪೆಗಸಸ್ ಎಂಜಿನು ಬೆಂಗಳೂರಿನವರು ಬಲ್ಲ ಆರ್ಫಿಯಸಿನ ಒಡಲಿನಿಂದಲೇ ಬೆಳೆದುಬಂದದ್ದು. ಇದ್ದಲ್ಲಿಂದಲೇ ನೆಟ್ಟಗೆ ಮೇಲಕ್ಕೇಳುವಷ್ಟು ಅದರ ಬಲ. ಗಡಿಯಾರದ ಸದ್ದನ್ನು ಕೂಡ ಸಹಿಸದ ಗಾಡಿಯೆಂದು ಹೆಸರು ಪಡೆದ ಮನೆತನದ ಈ ಕೊನೆಯ ಕೂಸು ಹಾರುವಾಗ ವಾಸ್ಕೋ ಪಟ್ಟಣದ ಕಿಟಕಿಗಳು ಅದುರುತ್ತಿದ್ದುವು. 2016ರ ಮೇ ತಿಂಗಳಲ್ಲಿ ಅವೂ ನಿವೃತ್ತವಾದುವು.